ಚಿತ್ರಗೀತೆಯ ಒಡೆಯರು ಯಾರು?

ಕೇಳುವವರಿಗೆ ಚಿತ್ರಗೀತೆಯೊಂದು ಬಿಡಿಸಿ ನೋಡಲಾಗದ ಒಂದೇ ಅನುಭವವಾಗಿದ್ದರೂ ಕಾನೂನು ಅದನ್ನು ಹಲವು ಹಕ್ಕುಗಳ ಕೂಟವಾಗಿ ಕಾಣುತ್ತದೆ. ಪದಗಳನ್ನು ಬರೆದವರು, ಆ ಪದಗಳಿಗೆ ಧಾಟಿ ಕಟ್ಟಿದವರು, ಹಾಡಿದವರು, ಧ್ವನಿಮುದ್ರಣಕ್ಕೆ ಹಣ ಹೂಡಿದವರು, ಹಾಡನ್ನು ಚಿತ್ರದಲ್ಲಿ ಅಳವಡಿಸಿಕೊಂಡವರು, ಹೀಗೆ ಪ್ರತಿಯೊಬ್ಬರಿಗೂ ಅದರಲ್ಲಿ ಬೇರೆ ಬೇರೆ ಬಗೆಯ, ಬೇರೆ ಬೇರೆ ಅವಧಿಯ ಪಾಲು ಇರುತ್ತದೆ. ಮನುಷ್ಯನ ಬುದ್ಧಿ ಮತ್ತು ಕಲ್ಪನೆಯಿಂದ ಹುಟ್ಟಿದ ವಸ್ತುಗಳ ಮೇಲೆ ಕಾನೂನು ಮಾನ್ಯ ಮಾಡುವ ಒಡೆತನವನ್ನು ಬೌದ್ಧಿಕ ಸ್ವತ್ತು ಎನ್ನುತ್ತಾರೆ. ಹೊಸ ಆವಿಷ್ಕಾರಕ್ಕೆ ಪೇಟೆಂಟ್, ವ್ಯಾಪಾರದ ಹೆಸರಿಗೆ ಟ್ರೇಡ್‌ಮಾರ್ಕ್ ಇರುವಂತೆ ಸಾಹಿತ್ಯ, ಸಂಗೀತ, ನಾಟಕ, ಸಿನಿಮಾಗಳಿಗೆ ಇರುವ ರಕ್ಷಣೆಯೇ ಕೃತಿಸ್ವಾಮ್ಯ. ಭಾರತದ ಜನಪ್ರಿಯ ಸಂಸ್ಕೃತಿಯಲ್ಲಿ ಚಿತ್ರಗೀತೆಯಷ್ಟು ವ್ಯಾಪಕವಾಗಿ ಹರಡಿದ ಇನ್ನೊಂದು ಕಲಾರೂಪವಿಲ್ಲವಾದ್ದರಿಂದ, ಕಾನೂನು ಮತ್ತು ಜನಪ್ರಿಯ ಸಂಸ್ಕೃತಿ ಎದುರುಬದುರಾಗುವ ಜಾಗವನ್ನು ಅರಿಯಲು ಚಿತ್ರಗೀತೆಯ ಒಡೆತನದ ಇತಿಹಾಸವೇ ಅತ್ಯಂತ ನೇರವಾದ ದಾರಿ.

ಈ ಇತಿಹಾಸವನ್ನು ಗಮನಿಸಿದಾಗ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಹಾಡನ್ನು ಕಟ್ಟಿದವರಿಗೆ ಅದರ ಗಳಿಕೆಯಲ್ಲಿ ಪಾಲು ಸಿಗದೆ ಹೋದದ್ದು ದೀರ್ಘಕಾಲ ನಡೆದ ಅನ್ಯಾಯ; ಅದನ್ನು ಸರಿಪಡಿಸುವ ಉತ್ಸಾಹದಲ್ಲಿ ಹಾಡು ಹುಟ್ಟುವ ನೆಲವಾದ ರಾಗ, ಕಥೆ, ಜಾನಪದ, ರಂಗಪರಂಪರೆಗಳಿಗೂ ಬೇಲಿ ಹಾಕಿದರೆ ಅದು ಇನ್ನೊಂದು ಅನ್ಯಾಯವಾಗುತ್ತದೆ. ಒಳ್ಳೆಯ ಕೃತಿಸ್ವಾಮ್ಯ ಕಾನೂನು ಈ ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳಬೇಕಾಗುತ್ತದೆ.

ಒಂದು ಹಾಡು, ಹಲವು ಹಕ್ಕುಗಳು

ಭಾರತದ ಕೃತಿಸ್ವಾಮ್ಯ ಅಧಿನಿಯಮ 1957ರಲ್ಲಿ ರಚನೆಯಾಗಿ 1958ರ ಜನವರಿಯಲ್ಲಿ ಜಾರಿಗೆ ಬಂದಿತು. ಅದರ ಪ್ರಕಾರ ಸಾಹಿತ್ಯ ಕೃತಿ, ಸಂಗೀತ ಕೃತಿ, ಧ್ವನಿಮುದ್ರಣ ಮತ್ತು ಚಲನಚಿತ್ರ ಇವು ನಾಲ್ಕೂ ಪ್ರತ್ಯೇಕ ಸ್ವತ್ತುಗಳು. ಸಾಹಿತ್ಯ ಮತ್ತು ಸಂಗೀತದ ಹಕ್ಕು ಅವುಗಳ ಕರ್ತೃ ಬದುಕಿರುವವರೆಗೂ, ಅವರು ತೀರಿಕೊಂಡ ಮರುವರ್ಷದ ಆರಂಭದಿಂದ ಮುಂದಿನ 60 ವರ್ಷಗಳವರೆಗೂ ಉಳಿಯುತ್ತದೆ; ಧ್ವನಿಮುದ್ರಣ ಮತ್ತು ಚಲನಚಿತ್ರಗಳ ಹಕ್ಕು ಅವು ಪ್ರಕಟವಾದ ಮರುವರ್ಷದಿಂದ 60 ವರ್ಷ ನಡೆಯುತ್ತದೆ. ಈ ಅವಧಿ ಮೊದಲು 50 ವರ್ಷವಿತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳ ಮೇಲೆ ವಿಶ್ವಭಾರತಿಗಿದ್ದ ಹಕ್ಕು 1991ರ ಕೊನೆಗೆ ಮುಗಿಯುವುದರಲ್ಲಿದ್ದಾಗ ಸಂಸತ್ತು ಕಾನೂನನ್ನು ತಿದ್ದಿ ಹತ್ತು ವರ್ಷಗಳನ್ನು ಸೇರಿಸಿತು. ಒಬ್ಬ ಕವಿಯ ಹಾಡುಗಳ ಜನಪ್ರಿಯತೆ ಇಡೀ ದೇಶದ ಕಾನೂನನ್ನೇ ಬದಲಿಸಿದ ಅಪರೂಪದ ಸಂದರ್ಭವಿದು.

ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ 1967ರ ‘ಬೆಳ್ಳಿಮೋಡ’ ಚಿತ್ರದಲ್ಲಿ ದ.ರಾ. ಬೇಂದ್ರೆಯವರ ‘ಬೆಳಗು’ ಕವನಕ್ಕೆ ವಿಜಯಭಾಸ್ಕರ್ ಅವರು ಸಂಗೀತ ನೀಡಿದರು, ಎಸ್. ಜಾನಕಿಯವರು ಹಾಡಿದರು. ಬೇಂದ್ರೆಯವರು 1981ರಲ್ಲಿ ತೀರಿಕೊಂಡದ್ದರಿಂದ ಕವನದ ಮೇಲಿನ ಕೃತಿಸ್ವಾಮ್ಯ 2041ರ ಕೊನೆಯವರೆಗೆ ಇರುತ್ತದೆ, ಆದರೆ ಚಿತ್ರ ಮತ್ತು ಅದರ ಧ್ವನಿಮುದ್ರಣದ ಅವಧಿ ಬಿಡುಗಡೆಯ ವರ್ಷದಿಂದ ಲೆಕ್ಕವಾಗುವುದರಿಂದ 2027ರ ಕೊನೆಗೇ ಮುಗಿಯುತ್ತದೆ. ಸಂಗೀತ ಸಂಯೋಜನೆಯ ಅವಧಿಯನ್ನು ಸಂಯೋಜಕರ ಜೀವಿತಾವಧಿಯಿಂದ ಬೇರೆಯಾಗಿ ಎಣಿಸಬೇಕು. ಹಾಗಾಗಿ ಹಳೆಯ ಹಾಡೊಂದರ ಮುದ್ರಿಕೆಯನ್ನು ಯಾರು ಬೇಕಾದರೂ ಬಳಸಬಹುದಾದ ದಿನ ಬಂದ ಮೇಲೂ ಅದರೊಳಗಿನ ಪದಗಳಿಗಾಗಿ ಕವಿಯ ವಾರಸುದಾರರ ಅನುಮತಿ ಬೇಕಾಗಬಹುದು. ಇದಕ್ಕೆ ತಿರುವುಮುರುವಾದ ಸ್ಥಿತಿ ದಾಸರ ಪದಗಳದು. ಪುರಂದರದಾಸರ ಕೀರ್ತನೆಯ ಮೇಲೆ ಯಾರಿಗೂ ಒಡೆತನವಿಲ್ಲ, ಅದನ್ನು ಯಾರು ಬೇಕಾದರೂ ತಮ್ಮದೇ ರೀತಿಯಲ್ಲಿ ಹಾಡಬಹುದು. ಆದರೆ ಪಂಡಿತ ಭೀಮಸೇನ ಜೋಶಿಯವರು ಹಾಡಿದ ಮುದ್ರಿಕೆಯನ್ನು ಅನುಮತಿಯಿಲ್ಲದೆ ಪ್ರತಿಮಾಡಿ ಮಾರುವಂತಿಲ್ಲ, ಏಕೆಂದರೆ ಆ ಧ್ವನಿಮುದ್ರಣ ಸ್ವತಂತ್ರವಾದ ಇನ್ನೊಂದು ಸ್ವತ್ತು.

ನಿರ್ಮಾಪಕರೇ ಮೊದಲ ಒಡೆಯರಾದ ಬಗೆ

ಹಕ್ಕುಗಳು ಹೀಗೆ ಬಿಡಿಬಿಡಿಯಾಗಿ ಇದ್ದರೂ ಬಹುಕಾಲ ಅವೆಲ್ಲ ಕೊನೆಗೆ ಸೇರುತ್ತಿದ್ದುದು ಒಂದೇ ಕೈಗೆ. 1957ರ ಕಾನೂನಿನ 17ನೇ ಸೆಕ್ಷನ್ ಕೃತಿಯ ಕರ್ತೃವೇ ಅದರ ಮೊದಲ ಒಡೆಯ ಎಂದು ಸಾರುತ್ತದೆ; ಆದರೆ ಅದೇ ಸೆಕ್ಷನ್ ಹಣ ಪಡೆದು ಬೇರೆಯವರಿಗಾಗಿ ಮಾಡಿಕೊಟ್ಟ ಕೆಲವು ಬಗೆಯ ಕೃತಿಗಳಿಗೆ ಮತ್ತು ನೌಕರಿಯ ಭಾಗವಾಗಿ ರಚಿಸಿದ ಕೃತಿಗಳಿಗೆ ವಿನಾಯಿತಿ ಹೇಳಿ, ಅಲ್ಲಿ ಹಣ ಕೊಟ್ಟವರನ್ನೇ ಒಡೆಯರನ್ನಾಗಿಸುತ್ತದೆ. ಗೀತರಚನಕಾರರು ಮತ್ತು ಸಂಗೀತ ನಿರ್ದೇಶಕರು ನಿರ್ಮಾಪಕರಿಂದ ಸಂಭಾವನೆ ಪಡೆದೇ ಕೆಲಸ ಮಾಡುವುದರಿಂದ, ಅವರ ಹಾಡುಗಳು ಈ ವಿನಾಯಿತಿಯೊಳಗೆ ಬರುತ್ತವೆಯೇ ಎಂಬ ಪ್ರಶ್ನೆ ಬೇಗನೆ ಎದ್ದಿತು.

ಗೀತರಚನಕಾರರು ಮತ್ತು ಸಂಯೋಜಕರ ಪರವಾಗಿ ರಾಯಲ್ಟಿ ಸಂಗ್ರಹಿಸಲು 1969ರಲ್ಲಿ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ ಸ್ಥಾಪನೆಯಾಯಿತು. ರಾಯಲ್ಟಿ ಎಂದರೆ ಕೃತಿಯನ್ನು ಬಳಸಿದಾಗಲೆಲ್ಲ ಅದರ ಕರ್ತೃವಿಗೆ ಸಲ್ಲಬೇಕಾದ ಗಳಿಕೆಯ ಪಾಲು. ಒಮ್ಮೆಗೇ ಕೊಟ್ಟು ಮುಗಿಸುವ ಸಂಭಾವನೆಗಿಂತ ಇದು ಬೇರೆ. ಸೊಸೈಟಿಯು ತನ್ನ ದರಪಟ್ಟಿಯನ್ನು ಪ್ರಕಟಿಸಿದಾಗ ಚಿತ್ರೋದ್ಯಮದ ಸಂಘಟನೆಗಳು ಆಕ್ಷೇಪಿಸಿದವು. ಕೃತಿಸ್ವಾಮ್ಯ ಮಂಡಳಿಯ ತೀರ್ಪು ಸೊಸೈಟಿಯ ಪರವಾಗಿ ಬಂದರೂ ಕಲ್ಕತ್ತಾ ಹೈಕೋರ್ಟ್ ಅದನ್ನು ತಳ್ಳಿಹಾಕಿತು, 1977ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ನಿಲುವನ್ನೇ ಎತ್ತಿಹಿಡಿಯಿತು. ಬೇರೆ ರೀತಿಯ ಒಪ್ಪಂದ ಇಲ್ಲದಿದ್ದರೆ, ನಿರ್ಮಾಪಕರು ಸಂಭಾವನೆ ಕೊಟ್ಟು ಮಾಡಿಸಿಕೊಂಡ ಹಾಡಿನ ಮೊದಲ ಒಡೆಯರು ನಿರ್ಮಾಪಕರೇ ಎಂಬುದು ಆ ತೀರ್ಪಿನ ತಿರುಳು.

ಆ ತೀರ್ಪಿಗೆ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಸೇರಿಸಿದ ಪುಟ್ಟ ಟಿಪ್ಪಣಿಯು ತೀರ್ಪಿನಷ್ಟೇ ಮಹತ್ವ ಪಡೆಯಿತು. ಅಂದಿನ ಕಾನೂನು ಸಂಗೀತ ಕೃತಿಯೆಂದು ಒಪ್ಪುತ್ತಿದ್ದುದು ಬರಹಕ್ಕೆ ಅಥವಾ ಸ್ವರಲಿಪಿಗೆ ಇಳಿಸಿದ ಸಂಯೋಜನೆಯನ್ನು ಮಾತ್ರ. ಬಾಯಿಂದ ಬಾಯಿಗೆ ಹರಿದುಬಂದ, ಹಾಡುವವರ ಮನೋಧರ್ಮದಿಂದಲೇ ಜೀವ ಪಡೆಯುವ ಭಾರತೀಯ ಸಂಗೀತಕ್ಕೆ ಈ ಅಳತೆ ಹೊಂದುವುದಿಲ್ಲ, ಹಾಡಿನ ಆತ್ಮವೇ ಆದ ಗಾಯಕರಿಗೆ ಕಾನೂನಿನಲ್ಲಿ ಜಾಗವೇ ಇಲ್ಲ ಎಂಬುದನ್ನು ಅವರು ಎತ್ತಿ ತೋರಿಸಿ, ಸಂಸತ್ತು ಇದನ್ನು ಸರಿಪಡಿಸಬೇಕೆಂಬ ಆಶಯವನ್ನು ವ್ಯಕ್ತಪಡಿಸಿದರು. 1960ರ ದಶಕದಲ್ಲಿ ಲತಾ ಮಂಗೇಶ್ಕರ್ ಅವರು ಗಾಯಕರಿಗೂ ರಾಯಲ್ಟಿ ಬೇಕೆಂದು ಕೇಳಿದಾಗ ಮೊಹಮ್ಮದ್ ರಫಿಯವರು ಅದನ್ನು ಒಪ್ಪದೆ, ಇಬ್ಬರೂ ಕೆಲವು ವರ್ಷ ಜೊತೆಯಾಗಿ ಹಾಡದೇ ಇದ್ದದ್ದು ಈ ಪ್ರಶ್ನೆ ನ್ಯಾಯಾಲಯಕ್ಕಿಂತ ಮೊದಲೇ ಧ್ವನಿಮುದ್ರಣ ಸ್ಟುಡಿಯೋಗಳಲ್ಲಿ ಉರಿಯುತ್ತಿತ್ತೆಂಬುದಕ್ಕೆ ಸಾಕ್ಷಿ.

1994ರ ತಿದ್ದುಪಡಿ ಸಂಗೀತ ಕೃತಿಯ ವ್ಯಾಖ್ಯೆಯಿಂದ ಸ್ವರಲಿಪಿಯ ಕಡ್ಡಾಯವನ್ನು ಕೈಬಿಟ್ಟು, ಗಾಯಕರು, ವಾದ್ಯಗಾರರು, ನಟರು ಮೊದಲಾದವರಿಗೆ ಪ್ರದರ್ಶಕರ ಹಕ್ಕು ಎಂಬ ಹೊಸ ಹಕ್ಕನ್ನು ಸೃಷ್ಟಿಸಿತು. ಆದರೆ ಕಲಾವಿದರು ಒಮ್ಮೆ ಚಿತ್ರದಲ್ಲಿ ಭಾಗವಹಿಸಲು ಒಪ್ಪಿದರೆ ಆ ಚಿತ್ರದ ಮಟ್ಟಿಗೆ ಈ ಹಕ್ಕು ಕೆಲಸಕ್ಕೆ ಬಾರದಂತೆ ಕಾನೂನು ಇದ್ದುದರಿಂದ, ಹಿನ್ನೆಲೆ ಗಾಯಕರಿಗೆ ಅದರಿಂದ ದೊರೆತ ಲಾಭ ಅತ್ಯಲ್ಪ.

2012ರ ತಿರುವು

ಈ ನಡುವೆ ಹಾಡುಗಳನ್ನು ಮಾರುವ ಮಾರುಕಟ್ಟೆಯ ಸ್ವರೂಪವೇ ಬದಲಾಗಿತ್ತು. ಗ್ರಾಮಫೋನ್ ತಟ್ಟೆಗಳ ಕಾಲದಲ್ಲಿ ಕೆಲವೇ ಕಂಪನಿಗಳ ಕೈಯಲ್ಲಿದ್ದ ಸಂಗೀತವನ್ನು 1980ರ ದಶಕದ ಕ್ಯಾಸೆಟ್ಟು ಹಳ್ಳಿಹಳ್ಳಿಗೆ ಮುಟ್ಟಿಸಿತು. ಕನ್ನಡದಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವನಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಸಂಯೋಜಿಸಿದ ‘ನಿತ್ಯೋತ್ಸವ’ ಕ್ಯಾಸೆಟ್ 1978ರಲ್ಲಿ ಬಂದು, ಭಾವಗೀತೆಯೆಂಬ ಪ್ರಕಾರವನ್ನೇ ಮನೆಮನೆಯ ಮಾತಾಗಿಸಿತು. ಒಂದು ಕಡೆ ನಕಲಿ ಕ್ಯಾಸೆಟ್ಟುಗಳ ಹಾವಳಿ, ಇನ್ನೊಂದು ಕಡೆ ಕಾನೂನಿನಲ್ಲೇ ಇದ್ದ ಅವಕಾಶವನ್ನು ಬಳಸಿ ಹಳೆಯ ಜನಪ್ರಿಯ ಹಾಡುಗಳನ್ನು ಬೇರೆ ಗಾಯಕರಿಂದ ಹಾಡಿಸಿ ಅಗ್ಗದ ದರಕ್ಕೆ ಮಾರುವ ವ್ಯಾಪಾರ, ಎರಡೂ ಬೆಳೆದವು. ಮುಂದೆ ಸಿ.ಡಿ., ಎಫ್.ಎಂ. ರೇಡಿಯೋ, ಮೊಬೈಲ್‌ನ ಕಾಲರ್ ಟ್ಯೂನ್, ಯೂಟ್ಯೂಬ್, ಸ್ಟ್ರೀಮಿಂಗ್ ಬಂದಂತೆಲ್ಲ ಒಂದೇ ಹಾಡು ಹತ್ತಾರು ದಾರಿಗಳಲ್ಲಿ ಹಣ ತರತೊಡಗಿತು. ಒಪ್ಪಂದಕ್ಕೆ ಸಹಿಹಾಕುವಾಗ ಯಾರ ಕಲ್ಪನೆಗೂ ಬಂದಿರದ ಈ ಆದಾಯವೆಲ್ಲ ಹಕ್ಕು ಕೊಂಡವರ ಪಾಲಾಯಿತೇ ಹೊರತು ಹಾಡು ಬರೆದವರಿಗೆ ಅಥವಾ ಸಂಯೋಜಿಸಿದವರಿಗೆ ಸೇರಲಿಲ್ಲ.

ಈ ಸ್ಥಿತಿಯನ್ನು ಬದಲಿಸಿದ್ದು 2012ರ ತಿದ್ದುಪಡಿ. ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಾಗಿದ್ದ ಗೀತರಚನಕಾರ ಜಾವೇದ್ ಅಖ್ತರ್ ಅವರು ಸದನದ ಒಳಗೂ ಹೊರಗೂ ಇದಕ್ಕಾಗಿ ಬಲವಾಗಿ ವಾದಿಸಿದರು. ಆ ವರ್ಷದ ಮೇ ತಿಂಗಳಲ್ಲಿ ಎರಡೂ ಸದನಗಳು ಒಪ್ಪಿಗೆ ನೀಡಿ, ಜೂನ್ 21ರಂದು ಹೊಸ ನಿಯಮಗಳು ಜಾರಿಗೆ ಬಂದವು. ಅವುಗಳ ಪ್ರಕಾರ ಚಿತ್ರಕ್ಕಾಗಿ ಸಾಹಿತ್ಯ ಅಥವಾ ಸಂಗೀತ ರಚಿಸಿದವರು ತಮ್ಮ ಕೃತಿಸ್ವಾಮ್ಯವನ್ನು ನಿರ್ಮಾಪಕರಿಗೆ ಬರೆದುಕೊಟ್ಟರೂ, ಚಿತ್ರಮಂದಿರದಲ್ಲಿ ಚಿತ್ರದ ಜೊತೆಗೆ ಹಾಡು ಪ್ರದರ್ಶನವಾಗುವುದನ್ನು ಬಿಟ್ಟು ಉಳಿದ ಎಲ್ಲ ಬಳಕೆಗಳಿಂದ ಬರುವ ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಬಿಟ್ಟುಕೊಡುವಂತಿಲ್ಲ. ಆ ಹಕ್ಕನ್ನು ವಾರಸುದಾರರಿಗೆ ಅಥವಾ ಕರ್ತೃಗಳ ಸೊಸೈಟಿಗೆ ಮಾತ್ರ ವರ್ಗಾಯಿಸಬಹುದು. ಬೇರೆ ಯಾರಿಗಾದರೂ ಬರೆದುಕೊಟ್ಟರೆ ಆ ಬರಹಕ್ಕೆ ಬೆಲೆಯಿಲ್ಲ. ಚೌಕಾಸಿಯಲ್ಲಿ ದುರ್ಬಲರಾದವರು ಬಡತನದಿಂದಲೋ ಅವಕಾಶದ ಆಸೆಯಿಂದಲೋ ಎಲ್ಲವನ್ನೂ ಒಂದೇ ಸಹಿಯಲ್ಲಿ ಕಳೆದುಕೊಳ್ಳಬಾರದೆಂಬ ಕಾಳಜಿ ಈ ನಿಯಮದ ಹಿಂದಿದೆ. ಗಾಯಕರಿಗೂ ವಾಣಿಜ್ಯ ಬಳಕೆಯಲ್ಲಿ ರಾಯಲ್ಟಿಯ ಹಕ್ಕು ದೊರೆಯಿತು, ಅದನ್ನು ಸಂಗ್ರಹಿಸಲು ಗಾಯಕರದೇ ಆದ ಸೊಸೈಟಿ 2013ರಲ್ಲಿ ನೋಂದಣಿಯಾಯಿತು.

ಕಾನೂನು ಬದಲಾದ ಮಾತ್ರಕ್ಕೆ ಹಣ ಹರಿಯಲಿಲ್ಲ. ಧ್ವನಿಮುದ್ರಣದ ಹಕ್ಕಿಗೆ ಹಣ ಕೊಟ್ಟ ಮೇಲೆ ಅದರೊಳಗಿನ ಸಾಹಿತ್ಯ ಮತ್ತು ಸಂಗೀತಕ್ಕೆ ಬೇರೆಯಾಗಿ ಏಕೆ ಕೊಡಬೇಕೆಂದು ರೇಡಿಯೋ ಸಂಸ್ಥೆಗಳು ವಾದಿಸಿದವು. 2023ರ ಏಪ್ರಿಲ್‌ನಲ್ಲಿ ಬಾಂಬೆ ಹೈಕೋರ್ಟ್ ಈ ವಾದವನ್ನು ಒಪ್ಪದೆ, 2012ರ ತಿದ್ದುಪಡಿಯ ನಂತರ ಧ್ವನಿಮುದ್ರಣವನ್ನು ಪ್ರಸಾರ ಮಾಡಿದಾಗಲೂ ಅದರಲ್ಲಿ ಅಡಗಿರುವ ಸಾಹಿತ್ಯ, ಸಂಗೀತಗಳ ಕರ್ತೃಗಳಿಗೆ ರಾಯಲ್ಟಿ ಸಲ್ಲಬೇಕೆಂದು ಹೇಳಿತು. ಹಕ್ಕುಗಳ ಹಂಚಿಕೆ ಕಲಾವಿದರ ನಡುವೆಯೇ ಇರಿಸುಮುರಿಸು ತಂದದ್ದೂ ಉಂಟು. 2017ರಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ಗಾಯನದ 50 ವರ್ಷಗಳ ಸಂಭ್ರಮಕ್ಕಾಗಿ ಅಮೆರಿಕದಲ್ಲಿ ಕಾರ್ಯಕ್ರಮ ನೀಡುತ್ತಿದ್ದಾಗ, ತಮ್ಮ ಸಂಯೋಜನೆಗಳನ್ನು ಅನುಮತಿಯಿಲ್ಲದೆ ಹಾಡಬಾರದೆಂದು ಇಳಯರಾಜ ಅವರ ಕಡೆಯಿಂದ ಅವರಿಗೂ ಕೆ.ಎಸ್. ಚಿತ್ರಾ ಅವರಿಗೂ ನೋಟಿಸ್ ಬಂದಿತು. ತಾವೇ ಹಾಡಿ ಪ್ರಸಿದ್ಧಗೊಳಿಸಿದ ಹಾಡನ್ನು ವೇದಿಕೆಯಲ್ಲಿ ಹಾಡಲು ಗಾಯಕರಿಗೂ ಅನುಮತಿ ಬೇಕೆಂಬ ಸಂಗತಿ ಸಾಮಾನ್ಯ ಕೇಳುಗರಿಗೆ ಅಂದು ಆಘಾತವನ್ನೇ ತಂದಿತು. ಆದರೆ ಹಾಡಿನ ಧಾಟಿ ಸಂಯೋಜಕರದು ಎಂಬುದನ್ನು ಒಪ್ಪಿದ ಮೇಲೆ, ಹಣ ಕೊಟ್ಟು ಕೇಳುವ ಕಾರ್ಯಕ್ರಮದ ಗಳಿಕೆಯಲ್ಲಿ ಅವರಿಗೂ ಪಾಲು ಬೇಕೆಂಬ ಬೇಡಿಕೆಯನ್ನು ಅನ್ಯಾಯವೆನ್ನಲಾಗದು. ಅಂಥ ಪಾಲನ್ನು ಸೊಸೈಟಿಗಳ ಮೂಲಕ ಕಾರ್ಯಕ್ರಮದ ಆಯೋಜಕರೇ ಸಲ್ಲಿಸುವುದು ಈ ಇಕ್ಕಟ್ಟಿಗೆ ಇರುವ ಸರಳ ಪರಿಹಾರ.

ರಾಗ ಎಲ್ಲರದು, ರಚನೆ ಒಬ್ಬರದು

ಕರ್ತೃವಿನ ಹಕ್ಕು ಎಲ್ಲಿ ಆರಂಭವಾಗುತ್ತದೆ ಎಂಬುದಷ್ಟೇ ಮುಖ್ಯವಾದ ಪ್ರಶ್ನೆ ಅದು ಎಲ್ಲಿ ನಿಲ್ಲಬೇಕು ಎಂಬುದು. ಈ ವಿಷಯದಲ್ಲಿ ಭಾರತದ ನ್ಯಾಯಾಲಯಗಳಿಗೆ ಇಂದಿಗೂ ದಾರಿ ತೋರುವುದು 1978ರ ಆರ್.ಜಿ. ಆನಂದ್ ಪ್ರಕರಣ. ‘ಹಮ್ ಹಿಂದೂಸ್ತಾನಿ’ ಎಂಬ ತಮ್ಮ ನಾಟಕವನ್ನು ಕದ್ದು 1956ರ ‘ನ್ಯೂ ಡೆಲ್ಲಿ’ ಚಿತ್ರ ಮಾಡಲಾಗಿದೆ ಎಂಬುದು ನಾಟಕಕಾರರ ದೂರಾಗಿತ್ತು. ಎರಡರಲ್ಲೂ ಪ್ರಾಂತೀಯ ಭೇದಭಾವ ಮತ್ತು ಬೇರೆ ಬೇರೆ ಪ್ರಾಂತಗಳ ಪ್ರೇಮಿಗಳ ಕಥೆ ಇದ್ದರೂ, ವಿಚಾರ, ವಸ್ತು, ಕಥೆಯ ಎಳೆ, ಐತಿಹಾಸಿಕ ಅಥವಾ ಪೌರಾಣಿಕ ಸಂಗತಿ ಇವುಗಳ ಮೇಲೆ ಯಾರಿಗೂ ಕೃತಿಸ್ವಾಮ್ಯವಿಲ್ಲ, ಅವುಗಳನ್ನು ಒಬ್ಬ ಕರ್ತೃ ಅಭಿವ್ಯಕ್ತಿಸಿದ ನಿರ್ದಿಷ್ಟ ರೀತಿಗೆ ಮಾತ್ರ ರಕ್ಷಣೆಯಿದೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಎರಡೂ ಕೃತಿಗಳನ್ನು ನೋಡಿದ ಸಾಮಾನ್ಯ ಪ್ರೇಕ್ಷಕರಿಗೆ ಎರಡನೆಯದು ಮೊದಲನೆಯದರ ನಕಲೆಂಬ ಭಾವನೆ ತಪ್ಪದೆ ಮೂಡುತ್ತದೆಯೇ ಎಂಬುದನ್ನೇ ಅದು ಒರೆಗಲ್ಲಾಗಿ ಮುಂದಿಟ್ಟಿತು.

ಸಂಗೀತದಲ್ಲಿ ಈ ಒರೆಗಲ್ಲನ್ನು ಬಳಸುವುದು ಕಷ್ಟ. ರಾಗವೆಂಬುದು ಯಾರ ಸೃಷ್ಟಿಯೂ ಅಲ್ಲದ, ಎಲ್ಲರಿಗೂ ದಕ್ಕುವ ಚೌಕಟ್ಟಾದ್ದರಿಂದ, ಒಂದೇ ರಾಗದ ಎರಡು ರಚನೆಗಳಲ್ಲಿ ಒಂದೇ ಬಗೆಯ ಸ್ವರಸಂಚಾರಗಳು ಬರುವುದು ಸಹಜ. 2022ರ ಸೆಪ್ಟೆಂಬರ್ ಕೊನೆಯಲ್ಲಿ ತೆರೆಕಂಡ ರಿಷಬ್ ಶೆಟ್ಟಿಯವರ ‘ಕಾಂತಾರ’ ಚಿತ್ರದ ‘ವರಾಹ ರೂಪಂ’ ಹಾಡಿನ ವಿವಾದದಲ್ಲಿ ಈ ಕಷ್ಟ ಇಡೀ ದೇಶದ ಗಮನ ಸೆಳೆಯಿತು. ಅಜನೀಶ್ ಲೋಕನಾಥ್ ಅವರ ಸಂಯೋಜನೆಯು ತಮ್ಮ ‘ನವರಸಂ’ ಹಾಡನ್ನು ಹೋಲುತ್ತದೆ ಎಂದು ಕೇರಳದ ಥೈಕ್ಕುಡಂ ಬ್ರಿಡ್ಜ್ ತಂಡ ಆರೋಪಿಸಿತು. ಹೋಲಿಕೆಗೆ ಕಾರಣ ರಾಗಗಳೇ ಹೊರತು ನಕಲಲ್ಲ ಎಂಬುದು ಚಿತ್ರತಂಡದ ಉತ್ತರವಾಗಿತ್ತು. ಕೋಯಿಕ್ಕೋಡ್ ಮತ್ತು ಪಾಲಕ್ಕಾಡ್ ನ್ಯಾಯಾಲಯಗಳು ತಾತ್ಕಾಲಿಕ ತಡೆಯಾಜ್ಞೆ ನೀಡಿದವು, ಚಿತ್ರ ಒಟಿಟಿಗೆ ಬಂದಾಗ ಮೊದಲಿಗೆ ಅದರಲ್ಲಿ ಹಾಡಿನ ಬದಲಾದ ರೂಪವಿತ್ತು, ನಂತರ ಮೂಲ ರೂಪ ಮರಳಿತು. ಕ್ರಿಮಿನಲ್ ದೂರಿನಲ್ಲಿ ನಿರೀಕ್ಷಣಾ ಜಾಮೀನು ನೀಡುವಾಗ ಕೇರಳ ಹೈಕೋರ್ಟ್ ಹಾಡಿನೊಂದಿಗೆ ಚಿತ್ರ ಪ್ರದರ್ಶಿಸಬಾರದೆಂದು ವಿಧಿಸಿದ್ದ ಷರತ್ತನ್ನು 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಹಿಡಿಯಿತು. ಯಾರ ವಾದ ಸರಿ ಎಂಬುದಕ್ಕಿಂತ ಮುಖ್ಯವಾದ ಪಾಠವೊಂದು ಇಲ್ಲಿದೆ: ಪೂರ್ಣ ವಿಚಾರಣೆಗೆ ಮೊದಲೇ ಬರುವ ಮಧ್ಯಂತರ ಆದೇಶಗಳೇ ಜನಪ್ರಿಯ ಕೃತಿಯ ಹಣೆಬರಹವನ್ನು ನಿರ್ಧರಿಸಿಬಿಡಬಲ್ಲವು, ಏಕೆಂದರೆ ಅಂಥ ಕೃತಿಯ ಆಯುಷ್ಯ ಬಹುಪಾಲು ಅದರ ಮೊದಲ ಕೆಲವು ವಾರಗಳಲ್ಲೇ ಇರುತ್ತದೆ.

ಎ.ಆರ್. ರೆಹಮಾನ್ ಅವರ ‘ವೀರ ರಾಜ ವೀರ’ ಹಾಡಿನ ಬಗ್ಗೆ ದೆಹಲಿ ಹೈಕೋರ್ಟಿನಲ್ಲಿ ನಡೆದ ಮೊಕದ್ದಮೆಯು ಪರಂಪರೆಯ ಪ್ರಶ್ನೆಯನ್ನು ಇನ್ನಷ್ಟು ಆಳಕ್ಕೆ ಒಯ್ದಿತು. ಅದು ಡಾಗರ್ ಮನೆತನದ ಧ್ರುಪದ ರಚನೆಯಾದ ‘ಶಿವ ಸ್ತುತಿ’ಯ ನಕಲು ಎಂಬ ದೂರನ್ನು ಮೇಲ್ನೋಟಕ್ಕೆ ಒಪ್ಪಿದ ಏಕಸದಸ್ಯ ಪೀಠವು 2025ರ ಏಪ್ರಿಲ್‌ನಲ್ಲಿ ಎರಡು ಕೋಟಿ ರೂಪಾಯಿ ಠೇವಣಿ ಇಡುವಂತೆ ಆದೇಶಿಸಿತ್ತು, ಸೆಪ್ಟೆಂಬರ್‌ನಲ್ಲಿ ವಿಭಾಗೀಯ ಪೀಠ ಆ ಆದೇಶವನ್ನು ರದ್ದುಪಡಿಸಿ, ಒಂದು ರಚನೆಯನ್ನು ಹಾಡಿ ಪ್ರಸಿದ್ಧಗೊಳಿಸಿದ್ದೊಂದೇ ಅದರ ಕರ್ತೃತ್ವಕ್ಕೆ ಸಾಕ್ಷಿಯಾಗದು ಎಂಬ ನಿಲುವು ತಳೆಯಿತು. ಗುರುವಿನಿಂದ ಶಿಷ್ಯನಿಗೆ ಬಾಯಿಪಾಠದಲ್ಲೇ ಇಳಿದುಬಂದ ಸಂಗೀತದಲ್ಲಿ ಯಾರು ರಚಿಸಿದರು, ಯಾರು ಉಳಿಸಿದರು, ಯಾರು ಬೆಳೆಸಿದರು ಎಂಬುದನ್ನು ಬೇರ್ಪಡಿಸುವುದು ದಾಖಲೆಗಳನ್ನೇ ನಂಬುವ ನ್ಯಾಯಾಲಯಗಳಿಗೆ ಎಷ್ಟು ದುಸ್ತರವೆಂಬುದನ್ನು ಈ ಎರಡು ಆದೇಶಗಳ ನಡುವಿನ ಅಂತರವೇ ಹೇಳುತ್ತದೆ.

ಯಕ್ಷಗಾನ ಕಲಿಸುವ ಪಾಠ

ಪರಂಪರೆ ಮತ್ತು ವ್ಯಕ್ತಿಪ್ರತಿಭೆಗಳ ನಡುವಿನ ಗೆರೆಯನ್ನು ಎಲ್ಲಿ ಎಳೆಯಬೇಕೆಂಬ ಪ್ರಶ್ನೆಗೆ ದೇಶದಲ್ಲಿ ದೊರೆತ ಅತ್ಯಂತ ಸಮತೂಕದ ಉತ್ತರ ಹುಟ್ಟಿದ್ದು ಕರಾವಳಿ ಕರ್ನಾಟಕದ ಒಂದು ಮೊಕದ್ದಮೆಯಿಂದ. ಡಾ. ಶಿವರಾಮ ಕಾರಂತರು ಯಕ್ಷಗಾನದ ವೇಷಭೂಷಣ, ಕುಣಿತ, ಹಾಡುಗಾರಿಕೆಗಳನ್ನು ಪರಿಷ್ಕರಿಸಿ, ಮಾತಿನ ಭಾಗವನ್ನು ತಗ್ಗಿಸಿ, ಯಕ್ಷರಂಗ ಎಂಬ ಬ್ಯಾಲೆ ರೂಪವನ್ನು ಕಟ್ಟಿ ಅದಕ್ಕಾಗಿ ಏಳು ಪ್ರಸಂಗಗಳನ್ನು ಅಣಿಗೊಳಿಸಿದ್ದರು. 1997ರಲ್ಲಿ ಕಾರಂತರು ತೀರಿಕೊಂಡ ನಂತರ, 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಆಶ್ರಯದಲ್ಲಿ ದೆಹಲಿಯಲ್ಲಿ ಅಂಥ ಪ್ರದರ್ಶನವೊಂದು ನಡೆದಾಗ, ಕಾರಂತರ ಉಯಿಲಿನ ಮೂಲಕ ಹಕ್ಕು ಪಡೆದಿದ್ದವರು ಉಡುಪಿ ಜಿಲ್ಲಾ ನ್ಯಾಯಾಲಯದ ಮೆಟ್ಟಿಲೇರಿದರು. ಪ್ರಕರಣ ಕರ್ನಾಟಕ ಹೈಕೋರ್ಟನ್ನು ದಾಟಿ ಸುಪ್ರೀಂ ಕೋರ್ಟನ್ನು ತಲುಪಿ, 2009ರ ಜನವರಿಯಲ್ಲಿ ಅಂತಿಮ ತೀರ್ಪು ಬಂದಿತು.

ನ್ಯಾಯಾಲಯಗಳು ಇಲ್ಲಿ ಯಕ್ಷಗಾನದ ಮೇಲೆ ಯಾರಿಗೂ ಒಡೆತನ ಕೊಡಲಿಲ್ಲ. ಯಕ್ಷಗಾನವೂ ಅದರ ಪೌರಾಣಿಕ ಕಥೆಗಳೂ ಎಂದಿನಂತೆ ಎಲ್ಲರವೇ. ಆದರೆ ಕಾರಂತರು ರೂಪಿಸಿದ ವೇಷಭೂಷಣ, ನೃತ್ಯಸಂಯೋಜನೆ, ನಿರ್ದೇಶನಗಳನ್ನು ಒಳಗೊಂಡು ಅದೇ ರೀತಿಯಲ್ಲಿ ಆ ಏಳು ಬ್ಯಾಲೆಗಳನ್ನು ಆಡಿಸಬೇಕಾದರೆ ಮಾತ್ರ ಕೃತಿಸ್ವಾಮ್ಯ ಕಾನೂನಿಗೆ ಅನುಗುಣವಾಗಿ ನಡೆಯಬೇಕೆಂದು ಅವು ಹೇಳಿದವು. ನೃತ್ಯಸಂಯೋಜನೆಯು ಕಾನೂನಿನ ನಾಟಕ ಕೃತಿ ಎಂಬ ವರ್ಗದಲ್ಲಿ ಬರುತ್ತದೆಂದು ಸುಪ್ರೀಂ ಕೋರ್ಟ್ ವಿವರಿಸಿತು. ಅದರ ಜೊತೆಗೇ, ಶಿಕ್ಷಣ ಸಂಸ್ಥೆಗಳ ಚಟುವಟಿಕೆ, ಹಣ ಪಡೆಯದೆ ಹವ್ಯಾಸಿಗಳು ನಡೆಸುವ ಪ್ರದರ್ಶನ ಮುಂತಾದವುಗಳಿಗೆ ಕಾನೂನೇ ಕೊಟ್ಟಿರುವ ವಿನಾಯಿತಿಗಳನ್ನು ಅಕಾಡೆಮಿಯೂ ಬಳಸಿಕೊಳ್ಳಬಹುದೆಂದು ಸ್ಪಷ್ಟಪಡಿಸಿತು. ಹೀಗೆ ಒಂದೇ ತೀರ್ಪಿನಲ್ಲಿ ಪರಂಪರೆಯ ಸ್ವಾತಂತ್ರ್ಯ, ಕಲಾವಿದರ ಸೃಷ್ಟಿಗೆ ರಕ್ಷಣೆ, ಸಮಾಜದ ಕಲಿಕೆಗೆ ಅವಕಾಶ ಮೂರೂ ಉಳಿದವು. ‘ಕಾಂತಾರ’ದಂತಹ ಚಿತ್ರಗಳು ಭೂತಕೋಲ, ಕಂಬಳ, ಯಕ್ಷಗಾನಗಳಿಂದ ಸ್ಫೂರ್ತಿ ಪಡೆದು ದೇಶವ್ಯಾಪಿ ಮಾರುಕಟ್ಟೆ ಕಂಡುಕೊಳ್ಳುತ್ತಿರುವ ಈ ಕಾಲದಲ್ಲಿ ಇದು ಮತ್ತೆ ಮತ್ತೆ ಓದಬೇಕಾದ ತೀರ್ಪು. ಏಕೆಂದರೆ ಚಿತ್ರವು ನಿರ್ಮಾಪಕರದಾಗಬಹುದು, ಆದರೆ ಆ ಚಿತ್ರಕ್ಕೆ ಮೂಲವಾದ ಆಚರಣೆಯು ಅದನ್ನು ಕಾಪಾಡಿಕೊಂಡು ಬಂದ ಸಮುದಾಯದ ಕೈಯಲ್ಲೇ ಇರಬೇಕು.

ಕೇಳುಗರಿಗೆ ಯಾವುದು ಮುಕ್ತ

ಸಾಮಾನ್ಯ ಜನರ ದಿನನಿತ್ಯದ ಬಳಕೆಗೂ ಕಾನೂನಿನಲ್ಲಿ ಜಾಗವಿದೆ, ಅದರ ಅರಿವು ಮಾತ್ರ ಕಡಿಮೆ. ಅಧಿನಿಯಮದ 52ನೇ ಸೆಕ್ಷನ್ ಕೃತಿಸ್ವಾಮ್ಯದ ಉಲ್ಲಂಘನೆಯಾಗದ ಬಳಕೆಗಳ ಉದ್ದನೆಯ ಪಟ್ಟಿಯನ್ನೇ ಕೊಡುತ್ತದೆ. ಖಾಸಗಿ ಬಳಕೆ, ಸಂಶೋಧನೆ, ವಿಮರ್ಶೆ, ಸುದ್ದಿಯ ವರದಿ ಇವುಗಳಿಗಾಗಿ ಕೃತಿಯನ್ನು ನ್ಯಾಯಯುತ ಪ್ರಮಾಣದಲ್ಲಿ ಬಳಸಬಹುದು. ಶಾಲೆಯ ಚಟುವಟಿಕೆಯ ಭಾಗವಾಗಿ ಮಕ್ಕಳು ಮತ್ತು ಶಿಕ್ಷಕರು, ಪೋಷಕರೇ ಮೊದಲಾದ ಸಂಬಂಧಪಟ್ಟವರ ಎದುರು ಹಾಡು, ನಾಟಕ ಪ್ರದರ್ಶಿಸಬಹುದು. ಧಾರ್ಮಿಕ ಸಮಾರಂಭಗಳಲ್ಲಿ ಮತ್ತು ಸರ್ಕಾರದ ಅಧಿಕೃತ ಸಮಾರಂಭಗಳಲ್ಲಿ ಹಾಡು ನುಡಿಸಬಹುದು. ಮದುವೆಯ ಮೆರವಣಿಗೆ ಮತ್ತು ಮದುವೆಗೆ ಸೇರಿದ ಇತರ ಸಂಭ್ರಮಗಳೂ ಧಾರ್ಮಿಕ ಸಮಾರಂಭದ ವ್ಯಾಪ್ತಿಗೆ ಬರುತ್ತವೆಂದು ಕಾನೂನಿನ ವಿವರಣೆಯಲ್ಲೇ ಇದೆ. ಆದರೂ ಮದುವೆಗಳಲ್ಲಿ ಹಾಡು ಹಾಕಿದ್ದಕ್ಕೆ ಹಣ ಕೇಳುವ ಬಗ್ಗೆ ದೂರುಗಳು ಬಂದದ್ದರಿಂದ, ಕೇಂದ್ರ ಸರ್ಕಾರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆಯು 2023ರ ಜುಲೈನಲ್ಲಿ ಪ್ರಕಟಣೆ ಹೊರಡಿಸಿ ಈ ನಿಯಮವನ್ನು ನೆನಪಿಸಬೇಕಾಯಿತು.

ಈ ವಿನಾಯಿತಿಗಳು ಪ್ರಚಾರಕ್ಕಾಗಿ ಹಾಡನ್ನು ಬಳಸುವವರಿಗೆ ಅನ್ವಯಿಸುವುದಿಲ್ಲ. 2022ರಲ್ಲಿ ಭಾರತ್ ಜೋಡೋ ಯಾತ್ರೆಯ ವಿಡಿಯೋ ತುಣುಕಿನಲ್ಲಿ ‘ಕೆಜಿಎಫ್ 2’ ಚಿತ್ರದ ಹಾಡುಗಳನ್ನು ಬಳಸಲಾಗಿದೆ ಎಂದು ಹಕ್ಕುದಾರ ಸಂಗೀತ ಕಂಪನಿ ದೂರಿದಾಗ, ಬೆಂಗಳೂರಿನ ವಾಣಿಜ್ಯ ನ್ಯಾಯಾಲಯವು ಯಾತ್ರೆ ನಡೆಸಿದ ಪಕ್ಷದ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಾತ್ಕಾಲಿಕವಾಗಿ ತಡೆಹಿಡಿಯಲು ಆದೇಶಿಸಿತು. ಮರುದಿನವೇ ಕರ್ನಾಟಕ ಹೈಕೋರ್ಟ್ ವಿವಾದಿತ ತುಣುಕುಗಳನ್ನು ತೆಗೆದುಹಾಕಬೇಕೆಂಬ ಷರತ್ತಿನ ಮೇಲೆ ಆ ಆದೇಶವನ್ನು ರದ್ದುಪಡಿಸಿತು. ಹಾಡಿನ ಹಕ್ಕು ಉಳಿಯಬೇಕು, ಆದರೆ ಅದನ್ನು ಉಳಿಸುವ ನೆಪದಲ್ಲಿ ಒಬ್ಬರ ಮಾತಾಡುವ ಬಾಗಿಲನ್ನೇ ಮುಚ್ಚಬಾರದು ಎಂಬ ತಾರತಮ್ಯ ಜ್ಞಾನ ಆ ಎರಡನೆಯ ಆದೇಶದಲ್ಲಿದೆ. ರೀಲ್ಸ್ ಮಾಡುವ ಯುವಕರಿಗೂ ಇದೇ ವಿವೇಕ ಬೇಕು. ಜಾಲತಾಣಗಳು ಸಂಗೀತ ಕಂಪನಿಗಳಿಂದ ಪಡೆದ ಪರವಾನಗಿಯಡಿ ಒದಗಿಸುವ ಹಾಡುಗಳನ್ನು ವೈಯಕ್ತಿಕ ವಿಡಿಯೋಗಳಲ್ಲಿ ಬಳಸುವುದು ಒಂದು ಮಾತು, ಅದೇ ಹಾಡನ್ನು ಅಂಗಡಿಯ ಜಾಹೀರಾತಿಗೆ ಬಳಸುವುದು ಇನ್ನೊಂದು ಮಾತು.

ಕಂಠಕ್ಕೂ ಹಕ್ಕಿದೆಯೇ

ಕೃತಕ ಬುದ್ಧಿಮತ್ತೆ ಈಗ ಈ ಚರ್ಚೆಯನ್ನು ಕಂಠದವರೆಗೆ ತಂದಿದೆ. ಗಾಯಕರ ಹಳೆಯ ಮುದ್ರಿಕೆಗಳಿಂದ ಕಲಿತ ಯಂತ್ರವು ಅವರು ಎಂದೂ ಹಾಡದ ಹಾಡನ್ನು ಅವರದೇ ದನಿಯಲ್ಲಿ ಹಾಡಬಲ್ಲದು. 1957ರ ಕಾನೂನು ಹಾಡಿದ್ದನ್ನು ಕಾಪಾಡುತ್ತದೆಯೇ ಹೊರತು ಹಾಡುವ ದನಿಯನ್ನು ಸ್ವತ್ತೆಂದು ಹೆಸರಿಸುವುದಿಲ್ಲ. ಹಾಗಾಗಿ ನ್ಯಾಯಾಲಯಗಳು ವ್ಯಕ್ತಿತ್ವದ ಹಕ್ಕು ಎಂಬ ಪರಿಕಲ್ಪನೆಯ ಕಡೆಗೆ ತಿರುಗಿವೆ. ಪ್ರಸಿದ್ಧ ವ್ಯಕ್ತಿಯ ಹೆಸರು, ಮುಖ, ದನಿ, ಹಾವಭಾವಗಳನ್ನು ಅವರ ಒಪ್ಪಿಗೆಯಿಲ್ಲದೆ ವ್ಯಾಪಾರಕ್ಕೆ ಬಳಸಬಾರದೆಂಬುದು ಅದರ ಸಾರ. 2024ರ ಜುಲೈನಲ್ಲಿ ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಕೃತಕವಾಗಿ ಸೃಷ್ಟಿಸುವುದರ ವಿರುದ್ಧ ಬಾಂಬೆ ಹೈಕೋರ್ಟ್ ತಡೆಯಾಜ್ಞೆ ನೀಡಿತು.

ಕನ್ನಡಿಗರು ತಮ್ಮವರೆಂದೇ ಭಾವಿಸಿದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು 2020ರಲ್ಲಿ ತೀರಿಕೊಂಡ ಮೇಲೆ, ತೆಲುಗು ಚಿತ್ರವೊಂದರಲ್ಲಿ ಅವರ ದನಿಯನ್ನು ಒಪ್ಪಿಗೆಯಿಲ್ಲದೆ ಮರುಸೃಷ್ಟಿಸಲಾಗಿದೆ ಎಂದು ಅವರ ಕುಟುಂಬ ಕಾನೂನಿನ ನೋಟಿಸ್ ಕಳುಹಿಸಿತು. ಅದೇ ಹೊತ್ತಿಗೆ, 2024ರ ಆರಂಭದಲ್ಲಿ, ರೆಹಮಾನ್ ಅವರು ‘ಲಾಲ್ ಸಲಾಂ’ ಚಿತ್ರಕ್ಕಾಗಿ ಅಗಲಿದ ಗಾಯಕರಾದ ಬಂಬಾ ಬಾಕಿಯಾ ಮತ್ತು ಶಾಹುಲ್ ಹಮೀದ್ ಅವರ ದನಿಗಳನ್ನು ಕುಟುಂಬದವರ ಒಪ್ಪಿಗೆ ಪಡೆದು, ಸಂಭಾವನೆಯನ್ನೂ ಕೊಟ್ಟು ಬಳಸಿದ್ದಾಗಿ ತಿಳಿಸಿದರು. ಯಂತ್ರ ಒಂದೇ ಆದರೂ ಒಪ್ಪಿಗೆ ಮತ್ತು ಸಂಭಾವನೆಗಳಿಂದಾಗಿ ಎರಡು ಪ್ರಕರಣಗಳು ಬೇರೆಯಾಗುತ್ತವೆ. ಮುಂದಿನ ದಿನಗಳಲ್ಲಿ ಸಂಸತ್ತು ಈ ವಿಷಯದಲ್ಲಿ ಕಾನೂನು ರಚಿಸುವಾಗ ಈ ವ್ಯತ್ಯಾಸವೇ ಅದರ ಅಡಿಗಲ್ಲಾಗಬೇಕು.

ಮುಂದೆ ಆಗಬೇಕಾದದ್ದು

ಕಾನೂನಿನ ಪುಟಗಳಲ್ಲಿ ಹಾಡು ಕಟ್ಟುವವರ ಸ್ಥಾನ ಇಂದು 1977ರಲ್ಲಿದ್ದುದಕ್ಕಿಂತ ಬಹಳ ಭದ್ರವಾಗಿದೆ. ಆದರೆ ಹಕ್ಕು ಇರುವುದು ಬೇರೆ, ಅದು ಕೈಗೆ ದಕ್ಕುವುದು ಬೇರೆ. ಕನ್ನಡದಂತಹ ಭಾಷೆಗಳ ಚಿತ್ರರಂಗದಲ್ಲಿ ಒಪ್ಪಂದಗಳನ್ನು ಆಯಾ ಭಾಷೆಯಲ್ಲೇ ಸ್ಪಷ್ಟವಾಗಿ ಬರೆಯಬೇಕು. ಹೊಸ ಗೀತರಚನಕಾರರು ಮತ್ತು ಸಂಯೋಜಕರು ಸೊಸೈಟಿಗಳ ಸದಸ್ಯರಾಗಿ ತಮ್ಮ ಪ್ರತಿಯೊಂದು ಹಾಡನ್ನೂ ದಾಖಲಿಸಬೇಕು. ಹಾಡಿನ ಜೊತೆಗೆ ಅದನ್ನು ಬರೆದವರ, ಸಂಯೋಜಿಸಿದವರ, ಹಾಡಿದವರ ಹೆಸರುಗಳನ್ನು ತೋರಿಸುವುದನ್ನು ಯೂಟ್ಯೂಬ್ ಮತ್ತು ಸ್ಟ್ರೀಮಿಂಗ್ ಸಂಸ್ಥೆಗಳು ಕರ್ತವ್ಯವೆಂದು ಭಾವಿಸಬೇಕು. ಹೆಸರು ದಾಖಲಾಗದ ಕಡೆ ರಾಯಲ್ಟಿಯೂ ತಲುಪುವುದಿಲ್ಲ.

ಜಾನಪದ ಮತ್ತು ಆಚರಣಾತ್ಮಕ ಕಲೆಗಳ ವಿಷಯದಲ್ಲಿ ಕೃತಿಸ್ವಾಮ್ಯ ಕಾನೂನು ಹೆಚ್ಚಿನದನ್ನು ಮಾಡಲಾರದು, ಏಕೆಂದರೆ ಅದು ಗುರುತಿಸಬಹುದಾದ ಕರ್ತೃವನ್ನೂ ಎಣಿಸಬಹುದಾದ ಅವಧಿಯನ್ನೂ ಬೇಡುತ್ತದೆ, ಜಾನಪದಕ್ಕೆ ಎರಡೂ ಇಲ್ಲ. ಅಲ್ಲಿ ಕೆಲಸ ಮಾಡಬೇಕಾದದ್ದು ಕಾನೂನಿಗಿಂತ ಹೆಚ್ಚಾಗಿ ಚಿತ್ರರಂಗದ ನೈತಿಕತೆ. ಒಂದು ಮಟ್ಟನ್ನು ಎಲ್ಲಿಂದ ಪಡೆಯಲಾಯಿತೆಂದು ತೆರೆಯ ಮೇಲೆ ಹೇಳುವುದು, ಅದನ್ನು ಹಾಡುತ್ತ ಬಂದ ಕಲಾವಿದರನ್ನೇ ಕರೆಸಿ ಹಾಡಿಸಿ ತಕ್ಕ ಸಂಭಾವನೆ ಕೊಡುವುದು, ಚಿತ್ರಕ್ಕಾಗಿ ಮಾಡಿಕೊಂಡ ರೂಪದ ಹಕ್ಕನ್ನು ಮುಂದೊಡ್ಡಿ ಮೂಲ ಕಲಾವಿದರ ಬಾಯಿ ಕಟ್ಟದಿರುವುದು, ಇವಕ್ಕೆ ಯಾವ ತಿದ್ದುಪಡಿಯೂ ಬೇಕಿಲ್ಲ. ಹಾಡು ಕಟ್ಟಿದವರಿಗೆ ಅದರ ಗಳಿಕೆಯ ಪಾಲು ತಪ್ಪದೆ ಸೇರುವಂತಾಗಿ, ಅವರು ಯಾವ ಪರಂಪರೆಯಿಂದ ಪಡೆದು ಕಟ್ಟಿದರೋ ಅದು ಮುಂದಿನವರಿಗೂ ಅಷ್ಟೇ ಮುಕ್ತವಾಗಿ ಉಳಿದರೆ ಮಾತ್ರ ಕೃತಿಸ್ವಾಮ್ಯವು ತಾನು ಹುಟ್ಟಿದ ಉದ್ದೇಶವನ್ನು ಸಾಧಿಸಿದಂತಾಗುತ್ತದೆ.